ರೊಜಾಲ್ಕಾಳ ಒಂಟೆ

ನಮ್ಮಕ್ಕ ಲಿಯೊಕಾಡಿಯಾ ಪುಸ್ತಕ ಬರೆದು ಹೆಸರು ಮಾಡಿದವಳು. ಯುದ್ಧಕಾಲದಲ್ಲಿ ಸೋವಿಯತ್ ಸೈನಿಕರು ನಮ್ಮನ್ನೆಲ್ಲ ದನ ಸಾಗಿಸುವ ರೈಲು ಡಬ್ಬಿಯಲ್ಲಿ ತುಂಬಿ ಕಜಕಿಸ್ತಾನದ ಬಯಲಿಗೆ ಸಾಗಿಸಿದ್ದು, ಅಲ್ಲಿ ಅಮ್ಮನನ್ನು ಮಣ್ಣು ಮಾಡಿದ್ದು, ಎಲ್ಲ ಬರೆದಿದ್ದಾಳೆ. ಓದಿದವರು ಎಂಥ ಧೈರ್ಯ ಎನ್ನುತ್ತಾರೆ. ನನಗೆ ಮಾತ್ರ, ಟೀಚರಾಗಿದ್ದ ಅಕ್ಕ ಮೂರನೇ ತರಗತಿಗೆ ಮಾಡಿದ ಒಂದು ಭೂಗೋಳದ ಪಾಠ ನೆನಪಾಗಿ ಮುಖ ಬಿಸಿಯಾಗುತ್ತದೆ.

ಆಗ ಯುದ್ಧ ಮುಗಿದು ಐದಾರು ವರ್ಷ. ಯುದ್ಧದ ನಂತರ ನಾವು ಬಂದು ನೆಲೆಸಿದ, ಓದ್ರಾ ನದಿಯ ದಂಡೆಯ ಊರಿನ ಅರ್ಧ ಜನ ಆ ಬಯಲಿನಿಂದ ಬದುಕಿ ಬಂದವರೇ. ಬೀದಿಯಲ್ಲಿ ಸಿಕ್ಕರೆ ಚಳಿಯ ಮಾತು, ಎಲೆಕೋಸಿನ ಮಾತು. ಅದೊಂದರ ಮಾತು ಮಾತ್ರ ಇಲ್ಲ. ನಮ್ಮ ಸರ್ಕಾರವೂ ಸೋವಿಯತ್ತಿನ ಮುಷ್ಟಿಯಲ್ಲಿತ್ತು; ಬಾಯಿಬಿಟ್ಟವರ ಕೆಲಸ ಹೋಗುತ್ತಿತ್ತು, ಕೆಲವೊಮ್ಮೆ ಅವರೇ ಹೋಗಿಬಿಡುತ್ತಿದ್ದರು. ಅಕ್ಕ ಶಾಲೆಯ ಕೆಲಸಕ್ಕೆ ಸೇರುವಾಗ, ಯುದ್ಧವಿಡೀ ನಾವು ಮೊದಲಿದ್ದ ಲ್ವೂಫ್ ಪಟ್ಟಣದಲ್ಲೇ ಇದ್ದೆ ಎಂದು ಹೇಳಿದ್ದಳು.

ಆ ದಿನ ಇನ್‌ಸ್ಪೆಕ್ಟರ್ ಬಂದಿದ್ದ. ಹೊಲಿಗೆ ಕಲಿಸುವ ನಾನೂ ಉಳಿದ ಟೀಚರುಗಳ ಜೊತೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಕ್ಕ ನಕಾಶೆಯಲ್ಲಿ ಸೋವಿಯತ್ ದೇಶದ ಬಯಲು ತೋರಿಸಿ, ಅಲ್ಲಿ ಏನೇನಿದೆ ಎಂದು ಕೇಳಿದ್ದೇ ತಡ, ರೊಜಾಲ್ಕಾ ಎದ್ದು ನಿಂತಳು. ಆ ಬಯಲಿನಲ್ಲಿ ನಮ್ಮ ಜೊತೆಗಿದ್ದ ಗೆನೊವೆಫಾಳ ಮಗಳು. ಅಲ್ಲೇ ಹುಟ್ಟಿ, ನಾಲ್ಕು ವರ್ಷದವಳಾಗಿ ನಮ್ಮದೇ ರೈಲಿನಲ್ಲಿ ಬಂದವಳು.

"ಅಲ್ಲಿ ಒಂಟೆ ಇರ್ತಾವೆ ಟೀಚರ್. ನೀವೇ ನನ್ನ ಹತ್ತಿಸಿದ್ರಲ್ಲ. ನಮ್ಮಮ್ಮ, ನೀವು, ಎಲ್ಲಾ ಬೆರಣಿ ತಟ್ತಿದ್ರಿ..."

ಇನ್‌ಸ್ಪೆಕ್ಟರ್ ತಲೆ ಎತ್ತಿದ. "ಏನು, ಟೀಚರ್ ಅಲ್ಲಿದ್ರಾ?"

ಅಕ್ಕ ನಕ್ಕಳು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. "ಇವಳಿಗೆ ಕತೆ ಕಟ್ಟೋ ಚಾಳಿ ಸರ್. ಯಾವುದೋ ಚಿತ್ರ ನೋಡಿರ್ತಾಳೆ. ಹೇಳು ರೊಜಾಲ್ಕಾ, ನಾನು ನಿನ್ನ ಒಂಟೆ ಹತ್ತಿಸಿದ್ನಾ?"

ತರಗತಿ ಗೊಳ್ಳೆಂದಿತು. ಹುಡುಗಿ ಅಕ್ಕನನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ನಾನು ಕಿಟಕಿಯತ್ತ ಮುಖ ಮಾಡಿದೆ.

"ಇಲ್ಲ ಟೀಚರ್," ಎಂದಳು.

ಸಂಜೆ ಗೆನೊವೆಫಾ ಮನೆಗೆ ಬಂದಳು. ಬೈಯಲಿ ಎಂದು ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಅವಳು ಗಸಗಸೆ ಕೇಕನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ಅನ್ನಕ್ಕೇ ಕಲ್ಲು ಹಾಕ್ತಿದ್ಲು ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಹುಟ್ಟಿದ್ದು ಲ್ವೂಫಲ್ಲಿ, ಉಳಿದಿದ್ದೆಲ್ಲ ಕನಸು ಅಂತ ನಾನೂ ಹೇಳ್ತಾನೇ ಇದೀನಿ. ನನ್ನ ಮಾತು ನಂಬಲ್ಲ. ನಿಮ್ಮ ಮಾತಾದ್ರೆ ನಂಬ್ತಾಳೆ. ಇನ್ನೊಂದ್ಸಲ ಹೇಳ್ಬಿಡಿ."

ಅಕ್ಕ ಒಂದು ಸಲವಲ್ಲ, ವರ್ಷವಿಡೀ ಹೇಳಿದಳು. ಪ್ರೀತಿಯಿಂದ, ತಲೆ ಸವರಿ. ಒಳ್ಳೆಯ ಟೀಚರು ಅವಳು. ಅವಳು ಕಲಿಸಿದ್ದನ್ನು ಮಕ್ಕಳು ಮರೆಯುತ್ತಿರಲಿಲ್ಲ.

ಸುಮಾರು ನಲವತ್ತು ವರ್ಷದ ಮೇಲೆ ಸರ್ಕಾರ ಬದಲಾಗಿ ಊರಿಗೆ ಬಾಯಿ ಬಂತು. ಎಪ್ಪತ್ತು ದಾಟಿದ ಅಕ್ಕ ಬರೆಯಲು ಕೂತಳು. ಒಂಟೆಯನ್ನೂ ಬರೆದಳು, ರೊಜಾಲ್ಕಾಳ ಹೆಸರು ಹಾಕಿಯೇ. ಆ ಪಾಠದ ದಿನವನ್ನು ಮಾತ್ರ ಬಿಟ್ಟಳು.

"ಮೊದ್ಲು ಅವಳ ಹತ್ರ ಹೋಗಿ ಹೇಳು," ಎಂದೆ.

"ಓದಿದ್ರೆ ತಿಳಿಯುತ್ತೆ ಬಿಡೇ," ಎಂದಳು. ಎದುರು ಕೂತು ಹೇಳಲು ಅವಳಿಗೆ ಮುಖವಿರಲಿಲ್ಲ.

ಊರಿನ ಗ್ರಂಥಾಲಯದಲ್ಲಿ ಅಕ್ಕನಿಗೆ ಸನ್ಮಾನವಿಟ್ಟಾಗ ರೊಜಾಲ್ಕಾ ಹೂ ಹಿಡಿದು ಬಂದಳು. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಇವಳಿಗೇ ಐವತ್ತರ ಹತ್ತಿರ.

"ನಿನ್ನ ಒಂಟೆ ಓದಿದ್ಯಾ?" ಅಕ್ಕನೇ ಕೇಳಿದಳು.

"ಓದ್ದೆ ಟೀಚರ್, ಅಳುನೇ ಬಂತು. ನಾನು ಚಿಕ್ಕೋಳಿದ್ದಾಗ ಕಟ್ತಿದ್ದ ಸುಳ್ಳನ್ನ ಇಷ್ಟು ವರ್ಷ ನೆನಪಿಟ್ಕೊಂಡು, ನನ್ನ ಸಂತೋಷಕ್ಕೆ ಪುಸ್ತಕದಲ್ಲಿ ಸೇರಿಸಿದೀರಲ್ಲ."

"ಅದು ಸುಳ್ಳಲ್ಲಮ್ಮ. ನೀನು ಹತ್ತಿದ್ದು ನಿಜ. ಅವತ್ತು ಸುಳ್ಳು ಹೇಳಿದೋಳು ನಾನು."

ರೊಜಾಲ್ಕಾ ಅಕ್ಕನ ಕೈಯನ್ನು ಮೆಲ್ಲಗೆ ಸವರಿದಳು. ಆಮೇಲೆ ನನ್ನತ್ತ ಬಾಗಿ, ದನಿ ತಗ್ಗಿಸಿ, "ಪಾಪ, ವಯಸ್ಸಾಯ್ತು. ಎಲ್ಲಾ ಕಲಸಿಹೋಗಿದೆ ಅವ್ರಿಗೆ," ಎಂದಳು.

ಅಕ್ಕನಿಗೆ ಅದೂ ಕೇಳಿಸಿತು.