ಗಂಟೆಗೆ ನಲವತ್ತಾರು ಬೀಗ

ಬೀಗ ಜೋಡಿಸುವ ಮೇಜಿನ ಸುತ್ತ ಕೂರುತ್ತಿದ್ದ ಹನ್ನೊಂದು ಹೆಂಗಸರಿಗೆ ಆ ವಾರ ಇದ್ದದ್ದು ಒಂದೇ ಭಯ, ಸೊಸೆಯ ಕೈಯದು.

ಸೊಸೆ ಎಂದರೆ ಆ ಮೇಜಿಗೆಲ್ಲ ಸೊಸೆಯೇ. ಅವಳ ಅತ್ತೆ ಅಲ್ಲಿ ಹತ್ತೊಂಬತ್ತು ವರ್ಷದಿಂದ ಕೂತವಳು. ಮಗನ ಮದುವೆಯಾದ ಮೇಲೆ ತಾನೇ ಸೊಸೆಯನ್ನು ಕರೆತಂದು ಪಕ್ಕದ ಸ್ಟೂಲಿನಲ್ಲಿ ಕೂರಿಸಿ ಚಿಮಟ ಹಿಡಿಯುವುದನ್ನು ಕಲಿಸಿದ್ದಳು. ಕೆಲಸ ನೋಡಿದರೆ ಇಷ್ಟೆ. ಹಿತ್ತಾಳೆಯ ಗಟ್ಟಿಯಲ್ಲಿ ಐದು ತೂತು. ಒಂದೊಂದಕ್ಕೂ ಕಾಳಿನಷ್ಟು ಸಣ್ಣ ಮೊಳೆ, ಅದರ ಮೇಲೆ ಕೂದಲೆಳೆಯಂಥ ಸ್ಪ್ರಿಂಗು, ಎಲ್ಲಕ್ಕೂ ಸೇರಿ ಒಂದು ಮುಚ್ಚಳ. ಕೀಲಿ ಹಾಕಿ ತಿರುಗಿಸಿ, ತೆರೆದರೆ ತಟ್ಟೆಗೆ. ಸ್ಪ್ರಿಂಗು ಒಮ್ಮೆ ಎಗರಿತೆಂದರೆ ದೇವರೇ ಬಗ್ಗಿ ಹುಡುಕಿದರೂ ಸಿಗದು. ಕೈ ಕುದುರಲು ಮೂರು ತಿಂಗಳು ಬೇಕು ಎನ್ನುತ್ತಿದ್ದರು. ಸೊಸೆ ಮೂರು ವಾರದಲ್ಲಿ ಕಲಿತಳು. ಮೂರು ತಿಂಗಳಾಗುವ ಹೊತ್ತಿಗೆ ಕಲಿಸಿದವಳನ್ನೇ ದಾಟಿಹೋಗಿದ್ದಳು.

ಗಂಟೆಗೆ ನಲವತ್ತು ಬೀಗ, ಇದು ಕಂಪನಿಯ ಲೆಕ್ಕ. ಅದರ ಮೇಲೆ ಮಾಡಿದ್ದಕ್ಕೆಲ್ಲ ಸಂಬಳದ ಜೊತೆ ಪ್ರೋತ್ಸಾಹಧನ. ಹೆಂಗಸರ ಲೆಕ್ಕ ಬೇರೆ ಇತ್ತು. ನಲವತ್ತಾರು ಮುಟ್ಟಿದರೆ ಸಾಕು, ಅದರಾಚೆ ಯಾರೂ ಹೋಗಬಾರದು. ಹೋದರೆ ಮೇಲಿನವರ ಕಣ್ಣು ಬೀಳುತ್ತದೆ, ನಲವತ್ತು ಐವತ್ತಾಗುತ್ತದೆ, ಆಮೇಲೆ ಅದೇ ದುಡ್ಡಿಗೆ ಎಲ್ಲರೂ ಓಡಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಹೊಸಬರು ಬಂದಾಗ ಅತ್ತೆಯೇ ಮಂತ್ರ ಹೇಳಿಕೊಡುವ ಶ್ರದ್ಧೆಯಿಂದ ಹೇಳಿಕೊಡುತ್ತಿದ್ದಳು. ಸೊಸೆಯ ಕೈಗೆ ಅರವತ್ತು ಸಲೀಸು. ಆದರೂ ನಲವತ್ತಾರಕ್ಕೆ ನಿಲ್ಲಿಸಿ, ಉಳಿದ ಹೊತ್ತು ಚಿಮಟ ಒರೆಸುತ್ತ ಕೂರುತ್ತಿದ್ದಳು.

ಹಳೆಯ ಯಜಮಾನರ ಕಾಲದಲ್ಲಿ ಅವರು ಬೆಳಿಗ್ಗೆ ಬಂದು ಯಾವುದಾದರೂ ತಟ್ಟೆಯಿಂದ ಒಂದು ಬೀಗ ಎತ್ತಿ, ತೆರೆದು ನೋಡಿ, ತಲೆದೂಗಿ ಹೋಗುತ್ತಿದ್ದರಂತೆ. ಈಗ ಅವರ ಮಗನ ಕಾಲ. ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಎಂದು ಬರೆಸಿದ್ದ. ಅದರ ಕೆಳಗೇ ಯಾರು ಎಷ್ಟು ಮಾಡಿದರೆಂಬ ಹಲಗೆ. ಸೋಮವಾರ ಆ ಹಲಗೆಯ ಪಕ್ಕ ಒಂದು ಚೀಟಿ ಅಂಟಿತು. ಗುರುವಾರ ಗಡಿಯಾರದವನೊಬ್ಬ ಬರುತ್ತಾನೆ. ಒಬ್ಬರ ಪಕ್ಕ ಅರ್ಧ ಗಂಟೆ ಕೂತು ಅಳೆಯುತ್ತಾನೆ. ಅವರ ವೇಗವೇ ಇನ್ನು ಎಲ್ಲರ ಲೆಕ್ಕ. ಆರು ದಿನ ಅದಕ್ಕಿಂತ ಕೆಳಗಿದ್ದವರು ಮೇಜು ಬಿಟ್ಟು ಪೆಟ್ಟಿಗೆ ಹೊರುವ ಶೆಡ್ಡಿಗೆ ಹೋಗಬೇಕು.

ಅದನ್ನು ಓದಿದ ಸೊಸೆಯ ಕಣ್ಣು ಅತ್ತೆಯ ಊದಿಕೊಂಡ ಮಂಡಿಯ ಮೇಲೆ ಹೋಯಿತು. ಅತ್ತೆ ನಲವತ್ತನಾಲ್ಕಕ್ಕೆ ಇಳಿದು ಎರಡು ವರ್ಷವಾಗಿತ್ತು. ಆ ಮಂಡಿಯಲ್ಲಿ ಪೆಟ್ಟಿಗೆ ಹೊರುವುದು ಆಗದ ಮಾತು. ಮೇಜು ಹೋದರೆ ಕೆಲಸವೇ ಹೋದ ಹಾಗೆ.

ಊಟದ ಹೊತ್ತಿನಲ್ಲಿ ಎದುರು ಸ್ಟೂಲಿನ ಕನ್ನಡಕದಕ್ಕ ಗೋಡೆಯ ಕಡೆ ಗದ್ದ ತೋರಿಸಿದಳು. “ಕುಟುಂಬ ಅಂತೆ. ನಮ್ಮನೇಲಿ ಯಾರೂ ಗಡಿಯಾರ ಹಿಡ್ಕೊಂಡು ಬಡಿಸಲ್ಲಪ್ಪ.” ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಎಲ್ಲರ ನೋಟವೂ ಸೊಸೆಯ ಬೆರಳಿಗೆ ಬಂತು. “ಅವನು ನಿನ್ನ ಪಕ್ಕಾನೇ ಕೂರ್ತಾನೆ ನೋಡ್ತಿರು,” ಎಂದಳು ಕನ್ನಡಕದಕ್ಕ. “ಆ ಕೈಗೊಂದು ಕಲ್ಲು ಕಟ್ಕೊಂಡು ಬಾ ತಾಯಿ.”

ಸಂಜೆ ಬಸ್ಸಿನಲ್ಲಿ ಅತ್ತೆ ಉಪಾಯ ಹೇಳಿಕೊಟ್ಟಳು. ಒಂದು ಮೊಳೆಗೆ ಒಂದು ಸಲ ದೇವರ ಹೆಸರು. ಪೂರ್ತಿ ಹೇಳಬೇಕು, ನುಂಗಬಾರದು. ಕೈ ತಾನಾಗಿ ನಿಧಾನವಾಗುತ್ತದೆ. ದೇವರ ಹೆಸರು ಹಿಡಿದು ಮೋಸ ಮಾಡಿದ ಹಾಗಾಗುವುದಿಲ್ಲವೇ ಎಂದು ಸೊಸೆ ಕೇಳಿದಳು.

“ಹಿಂದೆ ಬರೋರಿಗೆ ಕಾದು ನಿಲ್ಲೋದು ಮೋಸ ಹೇಗಾಗುತ್ತೆ?” ಎಂದಳು ಅತ್ತೆ.

ಎರಡು ದಿನ ಸೊಸೆ ನಿಧಾನವನ್ನು ಅಭ್ಯಾಸ ಮಾಡಿದಳು. ನಾಲಿಗೆ ಹೆಸರು ಹೇಳುತ್ತಿದ್ದರೆ ಕೈ ಅದನ್ನು ಬಿಟ್ಟು ಮುಂದೆ ಓಡುತ್ತಿತ್ತು. ಎಳೆದು ಹಿಡಿದರೆ ಬೆರಳು ತಪ್ಪಿ ಸ್ಪ್ರಿಂಗು ಎಗರುತ್ತಿತ್ತು. ಮನೆಯಲ್ಲಿ ತಟ್ಟೆ ತೊಳೆಯುವಾಗಲೂ ಕೈ ನಿಲ್ಲಿಸಿ ಅದನ್ನೇ ನೋಡುತ್ತಿದ್ದಳು. ತನ್ನ ಕೈಯೇ ಮನೆಯ ಅನ್ನ ತೆಗೆಯುತ್ತದೇನೋ ಎಂಬ ಭಯ ಅವಳದು.

ಗುರುವಾರ ಗಡಿಯಾರದವನು ಬಂದ. ಇನ್ನೂ ಮೀಸೆ ಸರಿಯಾಗಿ ಬಲಿಯದ, ಮೆತ್ತಗೆ ಮಾತಾಡುವ ಮನುಷ್ಯ. ಮೇಜಿಗೆ ಒಂದು ಸುತ್ತು ಹಾಕಿ ಸೊಸೆಯ ಬೆನ್ನ ಹಿಂದೆ ನಿಂತ. ಅವಳು ಮೊದಲ ಮೊಳೆಗೆ ಹೆಸರು ಶುರುಮಾಡಿದಳು. ಆಗ ಅವನು, ಇಲ್ಲಿ ಎಲ್ಲರಿಗಿಂತ ಹಳಬರು ಯಾರು ಎಂದು ಕೇಳಿದ. ಮೇಜಿನ ಸುತ್ತ ಹತ್ತು ಉಸಿರು ಒಟ್ಟಿಗೆ ಹೊರಬಿದ್ದವು. ನಿಧಾನದ ಗುರುವಾದ ಅತ್ತೆಯ ಪಕ್ಕವೇ ಅವನು ಕುರ್ಚಿ ಎಳೆದುಕೊಂಡಿದ್ದ.

“ಅವಸರ ಏನಿಲ್ಲಮ್ಮ,” ಎಂದ, ನಿಜವಾದ ಕನಿಕರದಿಂದ. “ವಯಸ್ಸಾಗಿದೆ. ನಿಮ್ಮ ಕೈಲಿ ಎಷ್ಟಾಗುತ್ತೋ ಅಷ್ಟೇ ಮಾಡಿ.”

ಅತ್ತೆಯ ಬೆನ್ನು ನೆಟ್ಟಗಾಯಿತು.

ಮೊದಲ ಬೀಗಕ್ಕೆ ಸೊಸೆಗೆ ಗೊತ್ತಾಗಲಿಲ್ಲ. ನಾಲ್ಕನೆಯದಕ್ಕೆ ಗೊತ್ತಾಯಿತು. ಅತ್ತೆಯ ತುಟಿ ಅಲುಗುತ್ತಿರಲಿಲ್ಲ. ಯಾವ ಹೆಸರೂ ಇರಲಿಲ್ಲ ಅಲ್ಲಿ. ಚಿಮಟ ಮಾತ್ರ ಹಕ್ಕಿಯ ಕೊಕ್ಕಿನಂತೆ ಎತ್ತಿ ಇಡುತ್ತಿತ್ತು. ಸೊಸೆ ಮೇಜಿನಡಿ ಅತ್ತೆಯ ಕಾಲನ್ನು ಒತ್ತಿದಳು. ಅತ್ತೆ ಕಾಲು ಎಳೆದುಕೊಂಡಳು. ಅವಳ ಮುಖದಲ್ಲಿ ಸೊಸೆ ಎಂದೂ ಕಾಣದ ಒಂದು ಎಳೆತನ ಬಂದಿತ್ತು. ಅರ್ಧ ಗಂಟೆಗೆ ಇಪ್ಪತ್ತೆಂಟು ಬೀಗ. ಗಡಿಯಾರದವನು ಭೇಷ್ ಎಂದು ಬರೆದುಕೊಂಡು ಹೋದ.

ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಬಸ್ಸಿಳಿದು ಮನೆಗೆ ನಡೆಯುವಾಗ ಅತ್ತೆ ತಾನಾಗಿ ಬಾಯಿಬಿಟ್ಟಳು.

“ಹತ್ತೊಂಬತ್ತು ವರ್ಷದಲ್ಲಿ ಬೀಗ ನೋಡಿದೋರಿದ್ರು. ನನ್ನ ಕೈಯನ್ನ ಕೂತು ಯಾರೂ ನೋಡಿರ್ಲಿಲ್ಲ ಕಣೆ.”

ಸೊಸೆಗೆ ಬಂದ ಸಿಟ್ಟು ಅಲ್ಲೇ ಎಲ್ಲೋ ಕರಗಿತು. ಭಯ ಮಾತ್ರ ಕರಗಲಿಲ್ಲ.

ಹೊಸ ಲೆಕ್ಕ ಐವತ್ತಾರು. ಮೊದಲ ದಿನ ಅತ್ತೆ ಗಂಟೆಗೆ ನಲವತ್ತೈದು ಮಾಡಿದಳು, ಎರಡನೆಯ ದಿನ ನಲವತ್ತಮೂರು. ಗುರುವಾರದ ಅರ್ಧ ಗಂಟೆ ಅವಳ ಮಣಿಕಟ್ಟಿನಲ್ಲಿ ನೋವಾಗಿ ಉಳಿದಿತ್ತು. ಮೂರನೆಯ ದಿನ ಸೊಸೆ ತನ್ನ ಆರು ಬೀಗಗಳನ್ನು ಸದ್ದಿಲ್ಲದೆ ಅತ್ತೆಯ ತಟ್ಟೆಗೆ ಸರಿಸಿದಳು. ಅತ್ತೆ ಅಷ್ಟನ್ನೂ ಎಣಿಸಿ ವಾಪಸು ಸರಿಸಿದಳು. “ಇಷ್ಟು ವರ್ಷ ದುಡಿದು ಈಗ ಸೊಸೆ ಹತ್ರ ಬೀಗ ಕಡ ತಗೊಳ್ಳಲಾ?”

ಐದನೆಯ ದಿನ ಮಧ್ಯಾಹ್ನ ಸೊಸೆ ಓರೆಗಣ್ಣಿನಲ್ಲಿ ಒಂದನ್ನು ಕಂಡಳು. ಅತ್ತೆ ನಾಲ್ಕೇ ಮೊಳೆ ಹಾಕಿ ಮುಚ್ಚಳ ಒತ್ತಿದಳು. ಕೀಲಿ ತಿರುಗಿತು, ಬೀಗ ತೆರೆಯಿತು. ಒಂದು ಮೊಳೆ ಕಮ್ಮಿಯಾದರೂ ತನ್ನ ಕೀಲಿಗೆ ಬೀಗ ತೆರೆಯುತ್ತದೆ. ಬೇರೆಯವರ ಕೀಲಿಗೂ ತೆರೆದೀತು ಎಂಬುದಷ್ಟೇ ಕೇಡು. ಅದು ಗೊತ್ತಾಗುವುದು ಯಾರದೋ ಮನೆಯ ಬಾಗಿಲಲ್ಲಿ. ಅತ್ತೆ ಆ ಬೀಗವನ್ನು ತಟ್ಟೆಗೆ ಹಾಕಿದಳು. ಮುಂದಿನದಕ್ಕೆ ಕೈ ಹಾಕಲಿಲ್ಲ. ಬಹಳ ಹೊತ್ತಾದ ಮೇಲೆ ಅದನ್ನೇ ಎತ್ತಿಕೊಂಡು, ಮುಚ್ಚಳ ಕಿತ್ತು, ಐದನೆಯ ಮೊಳೆ ಕೂರಿಸಿ, ಎದ್ದು ನಿಂತಳು.

ಗಾಜಿನ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಗಡಿಯಾರದವನು, ಮೇಲ್ವಿಚಾರಕ ಇಬ್ಬರೂ ಇದ್ದರು. ಅತ್ತೆ ಹೊಸಿಲಲ್ಲೇ ನಿಂತಳು. ಅವಳ ದನಿ ಮೇಜಿನವರೆಗೂ ಕೇಳುವಂತಿತ್ತು.

“ಅವತ್ತು ನಾನು ಓಡಿದೆ ಸ್ವಾಮಿ. ವಯಸ್ಸಾಗಿದೆ ಅಂದ್ರಲ್ಲ, ಅದಕ್ಕೆ. ಅದು ನನ್ನ ನಡಿಗೆ ಅಲ್ಲ. ಇನ್ನೊಂದ್ಸಲ ಅಳೀರಿ, ದಿನಪೂರ್ತಿ.”

ಮೇಲ್ವಿಚಾರಕ ಬರೆದದ್ದು ಬರೆದಾಯಿತು ಎಂದ. ಗಡಿಯಾರದವನು ಕಾಗದ ತಿರುವಿದ. ಬದಲಾಯಿಸುವುದು ತನ್ನ ಕೈಲಿಲ್ಲ, ಅಳೆದು ಮೇಲಕ್ಕೆ ಕಳಿಸಬಲ್ಲೆ ಅಷ್ಟೆ ಎಂದವನು, ಮಾರನೆಯ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಬಂದು ಕೂತ.

ಅದು ಆರನೆಯ ದಿನ. ಅಂದು ಅತ್ತೆ ಪಟ್ಟ ಪಾಡು ಓಡಿದ ದಿನಕ್ಕಿಂತ ಹೆಚ್ಚಿನದು. ಎಲ್ಲರ ಎದುರು, ಗಡಿಯಾರದ ಎದುರು, ಇದ್ದಷ್ಟೇ ಆಗಿ ಕಾಣಿಸಿಕೊಳ್ಳಬೇಕಿತ್ತು. ಚಿಮಟ ಎರಡು ಸಲ ಜಾರಿತು. ಅವಳು ಜಾರಲು ಬಿಟ್ಟಳು. ಬಗ್ಗಿ ಸ್ಪ್ರಿಂಗು ಹುಡುಕಿದಳು. ತುಟಿ ಅಲುಗುತ್ತಿತ್ತು. ಸೊಸೆಯೂ ತನಗೇ ಅರಿವಿಲ್ಲದೆ ಅದೇ ಹೆಸರನ್ನು ಹೇಳುತ್ತಿದ್ದಳು, ಅತ್ತೆಯ ಒಂದೊಂದು ಮೊಳೆಗೂ.

ಮೊದಲ ಗಂಟೆ ಮುಗಿಯಿತು. ನಲವತ್ತೆರಡು ಎಂದು ಬರೆದು ಅವನು ಕುರ್ಚಿಯಿಂದ ಅರ್ಧ ಎದ್ದ. ಎಲ್ಲ ಚಿಮಟಗಳೂ ನಿಂತಿದ್ದವು.

“ಹೋಗ್ಬೇಡಪ್ಪ, ಕೂತ್ಕೋ,” ಎಂದಳು ಅತ್ತೆ, ಮಣಿಕಟ್ಟು ನೀವಿಕೊಳ್ಳುತ್ತ. “ಮಧ್ಯಾಹ್ನದ ಮೇಲೆ ಇನ್ನೂ ಕಮ್ಮಿ ಆಗುತ್ತೆ. ಅದನ್ನೂ ಬರ್ಕೊಂಡೇ ಹೋಗು.”