ಸಾವನದುರ್ಗಕ್ಕೆ ಮೂರನೆಯವಳು

ಸಾವನದುರ್ಗ ಹತ್ತುವಾಗ ಶಿವಲಕ್ಷ್ಮಿ ನನ್ನ ಕೈ ಹಿಡಿಯಬೇಕು. ಶಾಲೆಯ ದಿನಗಳಿಂದ ನಡೆದು ಬಂದಿರುವುದೇ ಹಾಗೆ. ಬಂಡೆ ಕಡಿದಾಗುತ್ತಿದ್ದಂತೆ ಅವಳು ನಿಂತು, "ರಮ್ಯಾ, ಎದ್ರಿಕೆ ಆಯ್ತದೆ, ಒಸಿ ಕೈ ಕೊಡೆ" ಅನ್ನುತ್ತಾಳೆ. ನಾನು ಕೊಡುತ್ತೇನೆ. ಸೋಲೂರಿನಲ್ಲಿ ಅವಳಿಗೆ ಎಷ್ಟು ಜನ ಗೆಳತಿಯರಾದರೂ ಇರಲಿ, ಬೆಟ್ಟದ ಮೇಲೆ ನಾನೊಬ್ಬಳೇ ದಿಕ್ಕು ಎಂಬ ಜಂಬ ನನಗಿತ್ತು.

ಈ ಸಲ ಅವಳು ಕೆಹಕಶಾನಳನ್ನು ಕರೆತಂದಳು. ಮಾಗಡಿಯ ಹೊಲಿಗೆ ಅಂಗಡಿಯಲ್ಲಿ ಇಬ್ಬರ ಮಿಷನ್ನೂ ಅಕ್ಕಪಕ್ಕವಂತೆ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಬಸ್ಸಿನಲ್ಲಿ ಅವರಿಬ್ಬರೂ ಒಂದು ಸೀಟು. ನಾನು ಹಿಂದೆ, ಯಾರದೋ ಸೊಪ್ಪಿನ ಮೂಟೆಯ ಪಕ್ಕ. ಸೀಬೆಕಾಯಿ ಮುರಿದಾಗ ಮೊದಲ ಚೂರು ಹೋದದ್ದೂ ಅವಳಿಗೇ. ಹುಡುಗಿ ಕೆಟ್ಟವಳೇನಲ್ಲ, ನನ್ನನ್ನು ಬಾಯ್ತುಂಬ ಅಕ್ಕ ಅಂದಳು. ಅದಕ್ಕೂ ನನಗೆ ಮೈಯೆಲ್ಲ ಉರಿಯಿತು.

ಬಿಳಿ ಬಾಣದ ಗುರುತು ಹಿಡಿದು ಹತ್ತಿದೆವು. ಗಿಡಗಂಟಿ ಮುಗಿದು ಬೋಳು ಬಂಡೆ ಶುರುವಾದ ಕಡೆ ನಾನು ಬೇಕೆಂದೇ ಶಿವಲಕ್ಷ್ಮಿಯ ಪಕ್ಕಕ್ಕೆ ಹೋಗಿ, ಅಂಗೈಯ ಬೆವರನ್ನು ವೇಲಿಗೆ ಒರೆಸಿಕೊಂಡು ಕಾದೆ. ಅವಳು ನಿಂತಳು. ಕೆಹಕಶಾನಳ ಕಡೆ ತಿರುಗಿ, ಎದ್ರಿಕೆ ಆಯ್ತದೆ, ಕೈ ಕೊಡು ಅಂದಳು.

ಇಬ್ಬರೂ ಕೈ ಕೈ ಹಿಡಿದು ಮುಂದೆ ಹೋದರು. ಹೋದರೆ ಹೋಗಲಿ, ನನಗೇನು ಎಂದುಕೊಂಡು ಒಬ್ಬಳೇ ಹತ್ತಿದೆ. ಸ್ವಲ್ಪ ದೂರ ಅಷ್ಟೇ. ಹಾಳಾದ್ದು, ಕೆಳಗೆ ನೋಡಿಬಿಟ್ಟೆ. ಮಂಚನಬೆಲೆ ಅಣೆಕಟ್ಟಿನ ನೀರು ಪಾತಾಳದಲ್ಲೆಲ್ಲೋ ಮಿನುಗುತ್ತಿತ್ತು. ಬಂಡೆಗೆ ಅಂಟಿಕೊಂಡು ಕೂತೆ. ಮೇಲೆ ಹತ್ತಲೂ ಆಗದು, ಕೆಳಗೆ ಇಳಿಯಲೂ ಆಗದು.

ಶಿವಲಕ್ಷ್ಮಿ ತಿರುಗಿ ನೋಡಿದಳು. ಕೆಹಕಶಾನಳನ್ನು ಒಂದು ಸಮತಟ್ಟಿನಲ್ಲಿ ಕೂರಿಸಿ, ಆ ಕಡಿದಾದ ಬಂಡೆಯಲ್ಲಿ ಯಾರ ಕೈಯೂ ಹಿಡಿಯದೆ, ತಪ್ಪಿಸಿಕೊಂಡ ಮರಿಯನ್ನು ಹುಡುಕುವವಳಂತೆ ಸರಸರ ಇಳಿದು ಬಂದಳು.

"ನಿಂಗೆ ಎದ್ರಿಕೆನೇ ಇಲ್ವಲ್ಲೇ" ಅಂದೆ.

ಅವಳು ನಕ್ಕಳು. ಅವರ ಮನೆಯಲ್ಲಿ ಕುರಿ ಸಾಕಿದ್ದಾರೆ. ಅಪ್ಪನ ಹಿಂದೆ ಇಂಥ ಬಂಡೆಗಳ ಮೇಲೆಯೇ ಓಡಾಡಿ ಬೆಳೆದವಳು. ಇದು ನನಗೆ ಗೊತ್ತಿಲ್ಲದ್ದೇನಲ್ಲ.

"ಎದ್ರಿರೋ ಕುರಿನ ಹಿಂದಿಂದ ತಳ್ಳಿದ್ರೆ ಕುಂತ್ಬುಡ್ತದೆ ಕಣೆ. ಜೊತೇಲಿ ನಡೀಬೇಕು. ನಿಂಗೇ ಭಯ ಅಂದಿದ್ರೆ ನೀ ಒಪ್ಕತಿದ್ಯಾ?"

ಇಷ್ಟು ವರ್ಷ ಕುರಿ ನಾನೇ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ನನಗೆ ಉರಿದದ್ದು ಬೇರೆ. ನನಗೆಂದು ಇಟ್ಟಿದ್ದ ಸುಳ್ಳನ್ನು ನಿನ್ನೆ ಮೊನ್ನೆ ಬಂದವಳಿಗೂ ಹೇಳಿಬಿಟ್ಟಳಲ್ಲ!

ಮೇಲೆ ಕೆಹಕಶಾನ್ ಅಳುವ ಹಾಗಿದ್ದಳು. ಶಿವಲಕ್ಷ್ಮಿ ನನ್ನನ್ನು ಅಲ್ಲಿಯವರೆಗೆ ಎಳೆದೊಯ್ದು, ನಮ್ಮಿಬ್ಬರ ನಡುವೆ ನಿಂತು, ಬಲಗೈಯನ್ನು ಅವಳಿಗೆ, ಎಡಗೈಯನ್ನು ನನಗೆ ಕೊಟ್ಟಳು. ಗಟ್ಟಿಯಾಗಿ ಹಿಡಿದುಕೊಂಡೆ. ತುದಿಯ ಬಸವನ ಮಂಟಪ ಮುಟ್ಟುವವರೆಗೂ ನಾನು ಕೆಳಗೆ ನೋಡಲಿಲ್ಲ. ಆ ಬಲಗೈಯನ್ನೇ ನೋಡುತ್ತಾ ಹತ್ತಿದೆ.