ಮಟ್ಟದಣ್ಣ ನೆಟ್ಟಗೆ ಮಾಡಿದ ಶಿಲುಬೆ

ಚಿತ್ರಶಾಲೆಯಲ್ಲಿ ಗೋಡೆಗೆ ಚಿತ್ರ ತೂಗುಹಾಕುವವನನ್ನು ಎಲ್ಲರೂ ಮಟ್ಟದಣ್ಣ ಎಂದೇ ಕರೆಯುತ್ತಿದ್ದರು. ಅವನ ಜೇಬಿನಲ್ಲಿ ಸದಾ ಗುಳ್ಳೆ ನೋಡಿ ಮಟ್ಟ ಹಿಡಿಯುವ ಒಂದು ರಸಮಟ್ಟ, ಬಾಯಲ್ಲಿ ಸದಾ ಒಂದು ತಕರಾರು. ಬೀಗರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿ, ಆಮೇಲೆ ಕ್ಷೇಮಸಮಾಚಾರ ಕೇಳುವ ಆಸಾಮಿ. ಆದರೆ ವಯಸ್ಸು ಯಾರಪ್ಪನ ಮಾತು ಕೇಳುತ್ತದೆ? ಕಳೆದ ತಿಂಗಳು ಒಂದು ಚಿತ್ರ ಬೆರಳಷ್ಟು ಸೊಟ್ಟಗಾಗಿತ್ತು. ಇನ್ನೊಂದು ಸಲ ಹೀಗಾದರೆ ಏಣಿ ಮುಟ್ಟುವ ಹಾಗಿಲ್ಲ, ಬಾಗಿಲಲ್ಲಿ ಕೂತು ಬಂದವರ ಕೊಡೆ ಕಾಯಬೇಕು ಎಂದು ಮೇಲ್ವಿಚಾರಕಿ ಹೇಳಿಬಿಟ್ಟಿದ್ದಳು. ಮಟ್ಟದಣ್ಣನಿಗೆ ಅದು ಮೂಗು ಕೊಯ್ದಷ್ಟು ಅವಮಾನ.

ಅಂಥ ಹೊತ್ತಿನಲ್ಲೇ ಆ ಚಿತ್ರ ಬಂತು. ಶಿಲುಬೆಗೇರಿದ ಯೇಸು. ಬರೆದ ಮುದುಕಿ ಬಣ್ಣ ಬಳಿದಿರಲಿಲ್ಲ, ಜಗಳಕ್ಕೆ ಬಿದ್ದವಳಂತೆ ಎರಚಿದ್ದಳು. ಆಕಾಶ ಕೆಂಪು, ಮುಖ ಹಸಿರು, ಬೆರಳುಗಳು ಒಂದೊಂದು ಮೊಳ. ಅದೆಲ್ಲ ಅವರವರ ಇಷ್ಟ ಎಂದು ಮಟ್ಟದಣ್ಣ ಬಿಟ್ಟ. ಆದರೆ ಶಿಲುಬೆ ಎಡಕ್ಕೆ ವಾಲಿತ್ತು. ಅದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ. ಉಸಿರು ಬಿಗಿಹಿಡಿದು, ಬಣ್ಣಕ್ಕೆ ತಾಗದಂತೆ ರಸಮಟ್ಟವನ್ನು ಶಿಲುಬೆಯ ಅಡ್ಡಮರದ ಮುಂದೆ ಹಿಡಿದು, ಗುಳ್ಳೆ ನಡುವೆ ನಿಲ್ಲುವವರೆಗೂ ಚೌಕಟ್ಟನ್ನೇ ತಿರುಗಿಸಿದ. ಶಿಲುಬೆ ನೆಟ್ಟಗಾಯಿತು. ಚೌಕಟ್ಟು ಕುಡಿದವನ ಟೋಪಿಯಂತಾಯಿತು.

ಸಂಜೆ ಉದ್ಘಾಟನೆಗೆ ಬಂದವರೆಲ್ಲ ಕತ್ತು ಓರೆ ಮಾಡಿಕೊಂಡು ನೋಡಿದರು. ವಿಮರ್ಶಕನೊಬ್ಬ, ಇದು ನಮ್ಮ ಕಾಲದ ವಾಲುವಿಕೆ ಎಂದು ಅರ್ಧ ಗಂಟೆ ಕೊರೆದ. ಮೇಲ್ವಿಚಾರಕಿಗೆ ಮೈಯೆಲ್ಲ ಉರಿಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮುದುಕಿಯೇ ಬಂದು, ಯಾಕಪ್ಪಾ ಹೀಗೆ ಮಾಡಿದೆ ಎಂದು ಮಟ್ಟದಣ್ಣನನ್ನು ಕೇಳಿದಳು.

“ಭಾರವೆಲ್ಲ ಒಂದೇ ಕೈ ಮೇಲೆ ಬಿದ್ದಿತ್ತು ಅಮ್ಮಾ,” ಎಂದ ಅವನು. “ಅದೂ ಮೊಳೆ ಹೊಡೆದಿರೋ ಕೈ. ದಿನಾ ಮೊಳೆ ಹೊಡೆಯೋನು ನಾನು, ನನಗೆ ಗೊತ್ತಾಗಲ್ವಾ? ನೋಡೋಕಾಗ್ಲಿಲ್ಲ.”

ನಲವತ್ತು ವರ್ಷದಿಂದ ಜನ ಮುದುಕಿಯ ಕೆಂಪನ್ನು ಹೊಗಳಿದ್ದರು, ಹಸಿರನ್ನು ಬೈದಿದ್ದರು. ಶಿಲುಬೆಯ ಮೇಲಿರುವವನಿಗೆ ನೋಯುತ್ತದೆ ಎಂದವನು ಇವನೊಬ್ಬನೇ. ಅವಳು ಚಿತ್ರದ ಕೆಳಮೂಲೆಗೆ ಕೈ ತೋರಿಸಿದಳು. ಮಟ್ಟದಣ್ಣ ಪೊದೆ ಎಂದುಕೊಂಡಿದ್ದ ಕಪ್ಪು ಗೆರೆಗಳ ಗುಂಪು ಒಬ್ಬ ಹೆಂಗಸು.

“ಅವನ ತಾಯಿ. ಇಡೀ ಚಿತ್ರದಲ್ಲಿ ನೆಟ್ಟಗೆ ನಿಂತಿದ್ದೋಳು ಅವಳೊಬ್ಬಳೇ. ಅವಳೂ ಬಿದ್ರೆ ಅವನನ್ನ ನೋಡೋರು ಯಾರು?”

ಮಟ್ಟದಣ್ಣ ಚೌಕಟ್ಟು ತಿರುಗಿಸಿ, ಮಗನನ್ನು ನೆಟ್ಟಗೆ ನಿಲ್ಲಿಸಲು ಹೋಗಿ ಹೆತ್ತವಳನ್ನು ಬೀಳಿಸಿದ್ದ. ಯಾರ ಅಪ್ಪಣೆಗೂ ಕಾಯದೆ ಏಣಿ ಹತ್ತಿದ. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಚೌಕಟ್ಟಿನ ಮೂಲೆ ಹಿಡಿದು ನಿಧಾನವಾಗಿ ತಿರುಗಿಸುತ್ತ ಕೆಳಗಿದ್ದವರನ್ನು ಕೇಳಿದ.

“ನಿಂತ್ಕೊಂಡ್ಲಾ?”

ಓರೆಯಾಗಿದ್ದ ಕತ್ತುಗಳು ಒಂದೊಂದಾಗಿ ನೇರವಾದವು. ಇನ್ನೊಂಚೂರು ಎಂದಳು ಮೇಲ್ವಿಚಾರಕಿ. ಆಮೇಲೆ ಮೂಗೊರೆಸಿಕೊಂಡು, “ನಿಂತ್ಲು. ಹುಷಾರಾಗಿ ಇಳೀರಿ. ನಾಳೆ ಪಕ್ಕದ ಕೋಣೆ ಚಿತ್ರಗಳನ್ನೂ ನೀವೇ ಹಾಕ್ಬೇಕು,” ಎಂದಳು.